ದೊಡ್ಡಪ್ಪನ 86 ವಿಎಚ್‌ಎಸ್ ಕ್ಯಾಸೆಟ್‌ಗಳು: ಕಡಿಮೆ ಖರ್ಚಿನಲ್ಲಿ ಯಾವ ರೂಪದಲ್ಲಿ ಉಳಿಸಬೇಕು?

ಉಪ್ಪರಿಗೆ ಟೀಚರ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕುಂದಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಿಡಿಯೊ ಬಗ್ಗೆ ನನಗಿರುವ ಜ್ಞಾನ ಮೊಬೈಲಿನ ಕೆಂಪು ಗುಂಡಿಯಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಹಾಗಾಗಿ ಪ್ರಶ್ನೆ ಉದ್ದವಾಗಿದೆ, ಬೇಸರಿಸಬೇಡಿ.

ನಮ್ಮ ದೊಡ್ಡಪ್ಪನಿಗೆ ದಿನಸಿ ಅಂಗಡಿ ಇತ್ತು. 1987ರಲ್ಲಿ ಚಿಕ್ಕಪ್ಪ ಬಹರೈನಿನಿಂದ ಬರುವಾಗ ಅವರಿಗೊಂದು ವಿಎಚ್‌ಎಸ್ ಕ್ಯಾಮೆರಾ ತಂದುಕೊಟ್ಟರು. ಮದುವೆಗಳನ್ನು ಚಿತ್ರೀಕರಿಸಿ ನಾಲ್ಕು ಕಾಸು ಮಾಡಿಕೊಳ್ಳಲಿ ಎಂಬುದು ಚಿಕ್ಕಪ್ಪನ ಲೆಕ್ಕ. ದೊಡ್ಡಪ್ಪ ಮಾಡಿದ್ದೇ ಬೇರೆ. ಸಂಜೆ ಅಂಗಡಿಯ ಬಾಗಿಲು ಹಾಕಿ, ಕ್ಯಾಮೆರಾವನ್ನು ಬೈರಾಸಿನಲ್ಲಿ ಸುತ್ತಿಕೊಂಡು, ಎಲ್ಲಿ ಯಕ್ಷಗಾನದ ಆಟ ಇದೆಯೋ ಅಲ್ಲಿಗೆ ಹೊರಟುಬಿಡುತ್ತಿದ್ದರು. ಹರಕೆಯ ಬಯಲಾಟ, ಟೆಂಟಿನ ಆಟ, ಮಳೆಗಾಲದ ತಾಳಮದ್ದಳೆ, ಯಾವುದನ್ನೂ ಬಿಟ್ಟವರಲ್ಲ. 2004ರವರೆಗೂ ಇದೇ ನಡೆಯಿತು. ದೊಡ್ಡಮ್ಮ ಅದನ್ನು ಅವರ ಎರಡನೆಯ ಸಂಸಾರ ಎನ್ನುತ್ತಿದ್ದರು.

ದೊಡ್ಡಪ್ಪ ಈಗಿಲ್ಲ. ಮನೆ ಪಾಲಾದಾಗ ಗದ್ದೆ, ತೆಂಗಿನ ಮರಗಳಿಗೆಲ್ಲ ಹಕ್ಕುದಾರರು ಬಂದರು. ಉಪ್ಪರಿಗೆಯಲ್ಲಿದ್ದ ಎರಡು ತಗಡಿನ ಟ್ರಂಕುಗಳಿಗೆ ಯಾರೂ ಬರಲಿಲ್ಲ, ಅವು ನನ್ನ ಪಾಲಿಗೆ ಬಂದವು. ತೆಗೆದು ಎಣಿಸಿದ್ದೇನೆ: 86 ವಿಎಚ್‌ಎಸ್, ಅದಕ್ಕಿಂತ ಚಿಕ್ಕದಾದ 14 ವಿಡಿಯೊ8, ಇನ್ನೂ ಚಿಕ್ಕದಾದ 9 ಮಿನಿಡಿವಿ, ದಪ್ಪ ಪುಸ್ತಕದಂತಿರುವ 3 ಯು-ಮ್ಯಾಟಿಕ್. ಯು-ಮ್ಯಾಟಿಕ್ ಅವರ ಕೈಗೆ ಹೇಗೆ ಬಂತು ಎಂದು ಮನೆಯಲ್ಲಿ ಯಾರಿಗೂ ತಿಳಿಯದು.

ಪ್ರತಿಯೊಂದರ ಮೇಲೂ ದೊಡ್ಡಪ್ಪನ ಅಕ್ಷರವಿದೆ. ದಿನಾಂಕ, ಊರು, ಪ್ರಸಂಗ, ಭಾಗವತರು ಯಾರು, ಕ್ಯಾಸೆಟ್‌ಗೆ ಕೊಟ್ಟ ಬೆಲೆ ಎಷ್ಟು. ಅಂಗಡಿಯವರಲ್ಲವೇ! ಒಂದರ ಮೇಲೆ "ಮಳೆ ಬಂತು, ಮುಂದಿನದು ಇಲ್ಲ" ಎಂದಿದೆ. ಇನ್ನೊಂದರ ಮೇಲೆ "ಕೌರವ ಕೆರೆಗೆ ಇಳಿಯುವಾಗ ಬ್ಯಾಟರಿ ಖಾಲಿ".

86ರಲ್ಲಿ 21 ಅಂಗಡಿಯಲ್ಲಿ ಕೊಂಡ ಸಿನಿಮಾ, ಭಜನೆಯ ಕ್ಯಾಸೆಟ್‌ಗಳು. ಉಳಿದ 65 ಅವರೇ ಚಿತ್ರೀಕರಿಸಿದ್ದು. ಹೆಚ್ಚಿನವು ಮೂರು ಗಂಟೆಯ ಇ-180. ಹತ್ತರ ಮೇಲೆ ಎಲ್‌ಪಿ ಎಂದು ಬರೆದಿದೆ. 11 ಕ್ಯಾಸೆಟ್‌ಗಳ ಕಿಟಕಿಯೊಳಗೆ ಸುರುಳಿಯ ಮೇಲೆ ಬಿಳಿ ಹುಡಿಯಂತಹ ಬೂಷ್ಟು ಕಾಣುತ್ತಿದೆ.

ನಮಗೆ ಒಮ್ಮೆ ಪೆಟ್ಟು ಬಿದ್ದಿದೆ. 2009ರಲ್ಲಿ 12 ಕ್ಯಾಸೆಟ್‌ಗಳನ್ನು ಪೇಟೆಯ ಒಂದು ಸ್ಟುಡಿಯೊಗೆ ಕೊಟ್ಟು ಡಿವಿಡಿ ಮಾಡಿಸಿದ್ದೆವು. 36 ಗಂಟೆಯ ಆಟ 6 ಡಿಸ್ಕ್‌ಗಳಲ್ಲಿ ಬಂತು. ಅಗಲದ ಟಿವಿಗೆ ಹೊಂದಲಿ ಎಂದು ಚಿತ್ರವನ್ನು ಅಡ್ಡಡ್ಡ ಎಳೆದಿದ್ದರು. ಕೃಷ್ಣನ ವೇಷ ನೋಡಿದರೆ ಭೀಮ, ಭೀಮನನ್ನು ನೋಡಿದರೆ ಬಾಗಿಲಲ್ಲಿ ಹಿಡಿಸುವುದಿಲ್ಲ. ಮೂಲ ಕ್ಯಾಸೆಟ್‌ಗಳನ್ನು ಕೇಳಿದಾಗ "ಇನ್ನು ಯಾಕೆ ಅಂತ ಗುಜರಿಗೆ ಹಾಕಿದೆವು" ಎಂದರು. ಆ ಆರರಲ್ಲಿ ಎರಡು ಡಿಸ್ಕ್ ಈಗ ಯಾವ ಯಂತ್ರದಲ್ಲೂ ತೆರೆಯುತ್ತಿಲ್ಲ.

ಈಗ ಬೇರೊಬ್ಬರನ್ನು ವಿಚಾರಿಸಿದೆ. ಕ್ಯಾಸೆಟ್‌ಗೆ 350 ರೂಪಾಯಿ, ಎಂಪಿ4 ಮಾಡಿ ಪೆನ್ ಡ್ರೈವಿನಲ್ಲಿ ಕೊಡುತ್ತಾರಂತೆ. ನನ್ನ ಮಗ ಎಲ್ಲಿಯೋ ಓದಿಕೊಂಡು ಬಂದು ಎಫ್‌ಎಫ್‌ವಿ1, ಎಂಕೆವಿ ಎನ್ನುತ್ತಾನೆ. ಅಂಗಡಿಯವರಿಗೆ ಆ ಹೆಸರು ಹೇಳಿದೆ. "ಟೀಚರ್, ಅದನ್ನೆಲ್ಲ ಯಾರೂ ಉಪಯೋಗಿಸುವುದಿಲ್ಲ" ಎಂದು ನಕ್ಕರು.

ನಮ್ಮ ಬಳಿ ಇರುವುದು ಒಟ್ಟು 60,000 ರೂಪಾಯಿ. ಅರ್ಧ ಮನೆಯವರದು, ಅರ್ಧ ಊರಿನ ಯಕ್ಷಗಾನ ಸಂಘದ್ದು. ಇಷ್ಟರಲ್ಲಿ ಯಾವ ರೂಪದಲ್ಲಿ ಇಟ್ಟರೆ ಇನ್ನೊಂದು 25 ವರ್ಷ ಕಳೆದ ಮೇಲೂ ತೆರೆದು ನೋಡಬಹುದು? ನಾವೇ ಮಾಡಬಹುದೇ, ಕೊಟ್ಟು ಮಾಡಿಸಬೇಕೇ?

ನಿವೃತ್ತ ಟೇಪಿನವ ಕೊಟ್ಟ ಉತ್ತರ

ಟೀಚರಮ್ಮ, ಮೊದಲು ಎರಡು ಕೆಲಸ ಮಾಡಿ ಬನ್ನಿ, ಆಮೇಲೆ ಉಳಿದದ್ದನ್ನು ಓದಿ. ಒಂದು, ಪ್ರತಿ ವಿಎಚ್‌ಎಸ್ ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಹಾಕಿ. ಅದು ಇರುವವರೆಗೂ ಯಾರಾದರೂ ತಪ್ಪು ಗುಂಡಿ ಒತ್ತಿದರೆ ನಿಮ್ಮ ದೊಡ್ಡಪ್ಪನ ಆಟದ ಮೇಲೆ ಖಾಲಿ ಪರದೆ ಮುದ್ರಣವಾಗುತ್ತದೆ. ಎರಡು, ಬೂಷ್ಟು ಹಿಡಿದ 11 ಕ್ಯಾಸೆಟ್‌ಗಳನ್ನು ಬೇರೆ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮುಚ್ಚಿ. ಅವುಗಳಲ್ಲಿ ಒಂದನ್ನು ಯಂತ್ರಕ್ಕೆ ಹಾಕಿದರೂ ಮುಂದೆ ಹಾಕುವ ಎಲ್ಲ ಕ್ಯಾಸೆಟ್‌ಗಳಿಗೂ ಬೂಷ್ಟು ಹಂಚಿದಂತೆ.

ನಾನು ಬೆಂಗಳೂರಿನ ಒಂದು ಟಿವಿ ಕೇಂದ್ರದ ಟೇಪು ಕೋಣೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಬಯಲುಸೀಮೆಯವನಾದ್ದರಿಂದ ಯಕ್ಷಗಾನ ಅಷ್ಟಾಗಿ ತಿಳಿಯದು. ಟೇಪು ತಿಳಿಯುತ್ತದೆ.

ನಿಮ್ಮ ಮಗ ಹೇಳಿದ್ದು ಸರಿ. ಅಂಗಡಿಯವರು ನಕ್ಕಿದ್ದರಲ್ಲಿಯೂ ಅರ್ಧ ನಿಜವಿದೆ, ಅಂಗಡಿಗಳಲ್ಲಿ ಅದನ್ನು ಬಳಸುವುದಿಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಬಳಸುತ್ತದೆ, ಆಸ್ಟ್ರಿಯಾದ ಮೀಡಿಯಾಥೆಕ್ ಬಳಸುತ್ತದೆ. ಎಫ್‌ಎಫ್‌ವಿ1 ಎಂದರೆ ಏನನ್ನೂ ಕಳೆಯದೆ ವಿಡಿಯೊ ಕುಗ್ಗಿಸುವ ವಿಧಾನ. ಅದು ಹುಟ್ಟಿದ್ದು 2003ರಲ್ಲಿ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದೊಳಗೆ. 2021ರಲ್ಲಿ ಅದರ ಪೂರ್ತಿ ವಿವರ ಆರ್‌ಎಫ್‌ಸಿ 9043 ಎಂಬ, ಯಾರು ಬೇಕಾದರೂ ಓದಬಹುದಾದ ದಾಖಲೆಯಾಗಿ ಪ್ರಕಟವಾಯಿತು. ಅದನ್ನು ತುಂಬಿಡುವ ಮ್ಯಾಟ್ರೊಸ್ಕಾ, ಅಂದರೆ ಎಂಕೆವಿ, 2024ರಲ್ಲಿ ಆರ್‌ಎಫ್‌ಸಿ 9559 ಆಯಿತು. ಇದರಿಂದ ನಿಮಗೇನು ಲಾಭ? ನಾಳೆ ಯಾವ ಕಂಪನಿ ಮುಚ್ಚಿದರೂ ಆ ಬರಹ ಓದಿ ಒಬ್ಬ ಎಂಜಿನಿಯರ್ ಹೊಸದಾಗಿ ಪ್ಲೇಯರ್ ಬರೆಯಬಹುದು. ಪರವಾನಗಿ ಶುಲ್ಕ ಇಲ್ಲ. ದೊಡ್ಡ ಸಂಸ್ಥೆಗಳು ಜೆಪೆಗ್2000, ಎಂಎಕ್ಸ್‌ಎಫ್ ಎಂದು ದುಬಾರಿ ದಾರಿ ಹಿಡಿದಿದ್ದವು. ನಮ್ಮಂಥವರಿಗೆ ಈ ಬಿಟ್ಟಿ ದಾರಿಯೇ ಸಾಕು.

ಲೆಕ್ಕ ನೋಡಿ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಚಿತ್ರ 720×576, ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್). ಏನೂ ಕುಗ್ಗಿಸದೆ 8 ಬಿಟ್‌ನಲ್ಲಿ ಇಟ್ಟರೆ ಗಂಟೆಗೆ ಸುಮಾರು 75 ಗಿಗಾಬೈಟ್. ಎಫ್‌ಎಫ್‌ವಿ1ನಲ್ಲಿ ಅದೇ ಚಿತ್ರ 25ರಿಂದ 35 ಗಿಗಾಬೈಟ್ ಆಗುತ್ತದೆ. ಸೀರೆಯನ್ನು ಮಡಚಿಟ್ಟ ಹಾಗೆ, ಬಿಡಿಸಿದರೆ ಒಂದು ನೂಲೂ ಕಡಿಮೆ ಇರುವುದಿಲ್ಲ. ಡಿವಿ ರೂಪದಲ್ಲಿ ಗಂಟೆಗೆ 13 ಗಿಗಾಬೈಟ್, ಇಲ್ಲಿ ಬಣ್ಣದ ವಿವರಕ್ಕೆ ಕತ್ತರಿ ಬಿದ್ದಿರುತ್ತದೆ. ಅಂಗಡಿಯ ಎಂಪಿ4 ಗಂಟೆಗೆ ಒಂದೆರಡು ಗಿಗಾಬೈಟ್. ಅದು ಸೀರೆಯನ್ನು ಕತ್ತರಿಸಿ ಕರವಸ್ತ್ರ ಮಾಡಿದ್ದು. ಮೂಗು ಒರೆಸಲು ಚೆನ್ನಾಗಿರುತ್ತದೆ.

ನಿಮ್ಮ 65 ಕ್ಯಾಸೆಟ್‌ಗಳಲ್ಲಿ ಹತ್ತು ಎಲ್‌ಪಿ, ಅಂದರೆ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ ತುಂಬಿದ್ದು, ಅವು ಆರಾರು ಗಂಟೆ. ಹೆಚ್ಚೆಂದರೆ 225 ಗಂಟೆ. ಗಂಟೆಗೆ 30 ಗಿಗಾಬೈಟ್ ಹಿಡಿದರೆ ಏಳು ಟೆರಾಬೈಟ್‌ಗೆ ಸ್ವಲ್ಪ ಕಡಿಮೆ. 8 ಟೆರಾಬೈಟ್‌ನ ಒಂದು ಹಾರ್ಡ್ ಡಿಸ್ಕಿನಲ್ಲಿ ದೊಡ್ಡಪ್ಪನ 17 ವರ್ಷ ಕುಳಿತುಕೊಳ್ಳುತ್ತದೆ. 21 ಸಿನಿಮಾ, ಭಜನೆ ಕ್ಯಾಸೆಟ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ, ಅವುಗಳ ಪ್ರತಿ ಬೇರೆ ಮನೆಗಳಲ್ಲಿಯೂ ಇರುತ್ತದೆ.

ಈಗ ಮುಖ್ಯ ಮಾತು. ನೀವು ರೂಪ ಯಾವುದು ಎಂದು ಕೇಳುತ್ತಿದ್ದೀರಿ, ರೂಪಕ್ಕೆ ಒಂದು ಪೈಸೆ ಖರ್ಚಿಲ್ಲ. ಖರ್ಚು ಇರುವುದು ಓಡಿಸುವ ಯಂತ್ರಕ್ಕೆ. ಕೆಟ್ಟ ವಿಸಿಆರ್‌ನಿಂದ ಬಂದ ಚಿತ್ರವನ್ನು ಎಷ್ಟು ನಿಷ್ಠೆಯಿಂದ ಉಳಿಸಿದರೂ ಉಳಿಯುವುದು ಕೆಟ್ಟ ಚಿತ್ರವೇ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್, ಅದೂ 2016ರಲ್ಲಿ ನಿಲ್ಲಿಸಿತು. ಇನ್ನು ಸಿಗುವುದೆಲ್ಲ ಹಳೆಯದೇ. ನಾಲ್ಕು ಹೆಡ್‌ನದ್ದನ್ನು ಹುಡುಕಿ, ಹೆಡ್ ಎಂದರೆ ಟೇಪನ್ನು ಓದುವ ಭಾಗ. ಎಲ್‌ಪಿಯಲ್ಲಿ ಟ್ರ್ಯಾಕಿನ ಅಗಲ ಅರ್ಧಕ್ಕರ್ಧ ಕಡಿಮೆ ಇರುವುದರಿಂದ ಎರಡು ಹೆಡ್‌ನ ಯಂತ್ರಗಳು ಅಲ್ಲಿ ಒದ್ದಾಡುತ್ತವೆ. ಎರಡು ಯಂತ್ರ ಕೊಳ್ಳಿ, ಒಂದು ಬಿಡಿಭಾಗಕ್ಕೆ.

ಹೆಡ್ ಒರೆಸುವಾಗ ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ. ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ಹಾಗೆ ಮಾಡಿ, ಹತ್ತಿಯ ಎಳೆ ಸಿಕ್ಕಿ ಹೆಡ್ ಕಿತ್ತುಬಂತು. ಆ ದಿನ ನನ್ನ ಮೇಲಧಿಕಾರಿ ಆಡಿದ ಮಾತನ್ನು ಇಲ್ಲಿ ಬರೆಯಲಾಗದು. ನುಣುಪಾದ ಚರ್ಮದ ತುಂಡಿಗೆ ಐಸೊಪ್ರೊಪಿಲ್ ಆಲ್ಕೋಹಾಲ್ ಹಚ್ಚಿ, ಹೆಡ್‌ಗಳು ಕೂತಿರುವ ಡ್ರಮ್ಮಿಗೆ ಮೆಲ್ಲಗೆ ಆನಿಸಿ ಹಿಡಿಯಿರಿ, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ಮೇಲೆ ಕೆಳಗೆ ಉಜ್ಜಲೇಬೇಡಿ.

ವಿಸಿಆರ್‌ಗೂ ಕಂಪ್ಯೂಟರ್‌ಗೂ ನಡುವೆ ಒಂದು ಹಳೆಯ ಡಿವಿಡಿ ರೆಕಾರ್ಡರ್ ಇಡಿ. ಪ್ಯಾನಸಾನಿಕ್‌ನ ಡಿಎಂಆರ್-ಇಎಸ್10 ಅಥವಾ ಇಎಸ್15 ಸಿಕ್ಕರೆ ಅದೃಷ್ಟ. ಅದರಲ್ಲಿ ಡಿಸ್ಕ್ ಹಾಕುವುದಿಲ್ಲ, ರೆಕಾರ್ಡ್ ಮಾಡುವುದಿಲ್ಲ, ಚಿತ್ರವನ್ನು ಅದರ ಮೂಲಕ ಹಾಯಿಸುತ್ತೇವೆ ಅಷ್ಟೆ. ಹಳೆಯ ಟೇಪಿನಲ್ಲಿ ಪ್ರತಿ ಗೆರೆಯೂ ತನಗೆ ಬೇಕಾದ ಹೊತ್ತಿಗೆ ಹೊರಡುತ್ತದೆ, ಹಾಗಾಗಿಯೇ ಕಂಬಗಳು ಹಾವಿನಂತೆ ಬಳುಕುವುದು. ಈ ಯಂತ್ರ ಗೆರೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕಳುಹಿಸುತ್ತದೆ. ಇದೇ ಕೆಲಸಕ್ಕೆ ಸ್ಟುಡಿಯೊಗಳಲ್ಲಿ ಟೈಮ್ ಬೇಸ್ ಕರೆಕ್ಟರ್ ಎಂಬ ದುಬಾರಿ ಪೆಟ್ಟಿಗೆ ಇರುತ್ತಿತ್ತು.

ನನ್ನ ಅಂದಾಜು: ಎರಡು ವಿಸಿಆರ್‌ಗೆ 11,500, ಡಿವಿಡಿ ರೆಕಾರ್ಡರ್ 4,500, ಯುಎಸ್‌ಬಿ ಕ್ಯಾಪ್ಚರ್ ಸಾಧನ 3,000, ಸ್ವಚ್ಛತೆಯ ಸಾಮಾನು 1,500, 8 ಟೆರಾಬೈಟ್‌ನ ಎರಡು ಡಿಸ್ಕ್ ಸೇರಿ 36,000. ಹಳೆಯ ಸಾಮಾನಿನ ಬೆಲೆ ಮಾರುವವನ ಮುಖ ನೋಡಿ ಏರಿಳಿಯುತ್ತದೆ, ಚೌಕಾಸಿ ನಿಮಗೆ ಬಿಟ್ಟದ್ದು. ಮೂರನೆಯ ಡಿಸ್ಕಿಗೆ ಸಂಘದವರು ಮುಂದಿನ ವರ್ಷ ಮತ್ತೆ ಚೀಟಿ ಹರಿಯಲಿ. ಒಂದು ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ. ಒಂದೇ ಕಪಾಟಿನಲ್ಲಿ ಎರಡು ಪ್ರತಿ ಇಟ್ಟರೆ ನೀರು ನುಗ್ಗಿದ ದಿನ ಅವು ಒಂದೇ ಪ್ರತಿ. ಎಸ್‌ಎಸ್‌ಡಿ ಬೇಡ, ವಿದ್ಯುತ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಅದು ಮರೆಯತೊಡಗುತ್ತದೆ. ಕಂಪ್ಯೂಟರ್ ಕಡತಗಳನ್ನು ಇಡುವ ಎಲ್‌ಟಿಒ ಟೇಪು ಒಳ್ಳೆಯದು, ಆದರೆ ಅದರ ಡ್ರೈವಿಗೆ ಲಕ್ಷಗಳಲ್ಲಿ ಬೆಲೆ.

ಮಿನಿಡಿವಿಯ 9 ಟೇಪುಗಳ ಕಥೆ ಬೇರೆ. ಅವು ಆಗಲೇ ಡಿಜಿಟಲ್. ಫೈರ್‌ವೈರ್ ತಂತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ನಕಲಿಸಬೇಕು. ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಎಂಬ ತಂತ್ರಾಂಶವಿದೆ. ಅದನ್ನು ಟಿವಿಗೆ ಜೋಡಿಸುವ ಹಳದಿ ತಂತಿಯಲ್ಲಿ ತೆಗೆದು ಎಫ್‌ಎಫ್‌ವಿ1 ಮಾಡಿದರೆ ಅಕ್ಕಿಯನ್ನು ಮತ್ತೆ ಭತ್ತ ಮಾಡಲು ಹೊರಟಂತೆ. ವಿಡಿಯೊ8ಗೆ ಯಾರಿಂದಲಾದರೂ ಡಿಜಿಟಲ್8 ಕ್ಯಾಮೆರಾ ಎರವಲು ತನ್ನಿ. ಅವುಗಳಲ್ಲಿ ಹಲವು ಮಾದರಿಗಳು ಹಳೆಯ 8 ಎಂಎಂ ಟೇಪನ್ನೂ ಓಡಿಸಿ ಅದೇ ಫೈರ್‌ವೈರ್‌ನಲ್ಲಿ ಡಿವಿ ಕೊಡುತ್ತವೆ. ಯು-ಮ್ಯಾಟಿಕ್ ಮೂರನ್ನೂ ಕೈಯಿಂದ ಕೂಡ ತಿರುಗಿಸಬೇಡಿ. ಆ ಕಾಲದ ಟೇಪಿನ ಅಂಟು ತೇವ ಹೀರಿ ಜಿಗುಟಾಗಿರುತ್ತದೆ, ಓಡಿಸಿದರೆ ಚಿತ್ರದ ಲೇಪವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ ಓಡಿಸುವವರಿದ್ದಾರೆ. ನಿಮ್ಮ ಅಡುಗೆಮನೆಯ ಓವನ್ ಆ ಕೆಲಸಕ್ಕಲ್ಲ.

ಕೊನೆಯದಾಗಿ, ಮೂಲ ಕಡತದಲ್ಲಿ ಇಂಟರ್‌ಲೇಸ್ ಬಿಡಿಸಬೇಡಿ. ಟೇಪಿನಲ್ಲಿ ಒಂದು ಚೌಕಟ್ಟು ಎಂದರೆ ಎರಡು ಅರ್ಧ ಚಿತ್ರಗಳು, ಸೆಕೆಂಡಿಗೆ 50. ಅಂಗಡಿಯವರು ಅದನ್ನು 25 ಮಾಡಿಬಿಡುತ್ತಾರೆ. ಕೂತು ಮಾತಾಡುವವರಿಗೆ ತೊಂದರೆಯಿಲ್ಲ. ಕುಣಿಯುವವರ ಚಲನೆಯಲ್ಲಿ ಅರ್ಧ ಹೋಗುತ್ತದೆ.

ಸಿದ್ದಾಪುರದ ಹಾರ್ಮೋನಿಯಂ ಕೊಟ್ಟ ಉತ್ತರ

ಹಿರಿಯರು ಹೇಳಿದ್ದೆಲ್ಲ ಸರಿ. ಆದರೂ ಒಂದು ತಕರಾರು ದಾಖಲಿಸುತ್ತೇನೆ.

ನಮ್ಮ ಸಂಘದಲ್ಲಿ 112 ಕ್ಯಾಸೆಟ್‌ಗಳಿದ್ದವು. ಸರಿಯಾದ ರೂಪ ಯಾವುದು ಎಂದು ನಾವು ಎರಡು ವರ್ಷ ಸಭೆ ನಡೆಸಿದೆವು. ಪ್ರತಿ ಸಭೆಗೂ ಅವಲಕ್ಕಿ, ಚಹಾ, ಒಂದು ಠರಾವು. ಅಷ್ಟರಲ್ಲಿ ಎರಡು ಮಳೆಗಾಲ ಹೋಯಿತು, ಮಲೆನಾಡಿನ ಮಳೆಗಾಲ. 19 ಕ್ಯಾಸೆಟ್‌ಗಳು ಯಂತ್ರಕ್ಕೆ ಹಾಕುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಆಮೇಲೆ ನಾನೂ ಇನ್ನೊಬ್ಬರೂ ಹಟ ಹಿಡಿದು ಉಳಿದದ್ದನ್ನು ಎಚ್.264ನಲ್ಲಿಯೇ, ಅಂದರೆ ಎಂಪಿ4ಗಳಲ್ಲಿ ಸಾಮಾನ್ಯವಾಗಿ ಬಳಸುವ ಕುಗ್ಗಿಸುವ ವಿಧಾನದಲ್ಲಿಯೇ ಮುಗಿಸಿದೆವು. ಸೆಕೆಂಡಿಗೆ 15 ಮೆಗಾಬಿಟ್, ಇಂಟರ್‌ಲೇಸ್ ಹಾಗೆಯೇ ಇಟ್ಟು, 4:3 ಅಳತೆ ಹಾಗೆಯೇ ಇಟ್ಟು, ಧ್ವನಿಯನ್ನು ಮಾತ್ರ ಕುಗ್ಗಿಸದೆ ಪಿಸಿಎಂ 48 ಕಿಲೊಹರ್ಟ್ಸ್‌ನಲ್ಲಿ. ಗಂಟೆಗೆ ಏಳೂವರೆ ಗಿಗಾಬೈಟ್‌ನೊಳಗೆ ಬಂತು. 4 ಟೆರಾಬೈಟ್‌ನ ಮೂರು ಡಿಸ್ಕ್ ಸಾಕಾಯಿತು, ಮೂರು ಬೇರೆ ಬೇರೆ ಮನೆಗಳಲ್ಲಿವೆ. ಪಶ್ಚಾತ್ತಾಪ ಇಲ್ಲ. ಅತ್ಯುತ್ತಮವಾದ ಎರಡು ಪ್ರತಿಗಿಂತ ಸಾಕಷ್ಟು ಚೆನ್ನಾಗಿರುವ ಮೂರು ಪ್ರತಿ ನನಗೆ ಹೆಚ್ಚು ನಿದ್ದೆ ಕೊಡುತ್ತದೆ.

ತಾಳಮದ್ದಳೆಯ ಕ್ಯಾಸೆಟ್‌ಗಳು ನಿಮ್ಮಲ್ಲಿ ಎಷ್ಟಿವೆಯೋ ಬೇರೆ ಮಾಡಿ. ಅಲ್ಲಿ ಐದು ಜನ ಕೂತು ವಾದ ಮಾಡುತ್ತಾರೆ, ಕ್ಯಾಮೆರಾ ಅಲ್ಲಾಡುವುದಿಲ್ಲ. ಅದಕ್ಕೆ ಗಂಟೆಗೆ 30 ಗಿಗಾಬೈಟ್ ಕೊಡುವುದು ನನ್ನ ದೃಷ್ಟಿಯಲ್ಲಿ ದುಂದು. ಅಲ್ಲಿ ಉಳಿಯಬೇಕಾದದ್ದು ಅರ್ಥಧಾರಿಯ ಮಾತು, ಧ್ವನಿಯಲ್ಲಿ ಜಿಪುಣತನ ಮಾಡಬೇಡಿ. ಆಟಕ್ಕೆ ಮಾತ್ರ ಹಿರಿಯರು ಹೇಳಿದ ದಾರಿ ಹಿಡಿಯಿರಿ. ವೇಷದ ಕೆಂಪು ಬಣ್ಣ ವಿಎಚ್‌ಎಸ್‌ನಲ್ಲಿ ಮೊದಲೇ ಅಂಚು ಮೀರಿ ಹರಡಿರುತ್ತದೆ, ಅದರ ಮೇಲೆ ಇನ್ನಷ್ಟು ಹಿಂಡಿದರೆ ಮುಖ ಯಾವುದು ಮುಂಡಾಸು ಯಾವುದು ಎಂದು ತಿಳಿಯುವುದಿಲ್ಲ.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ. ಜಾಲತಾಣಕ್ಕೆ ಏರಿಸುವ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ. ನಮ್ಮ ಕಾನೂನಿನಲ್ಲಿ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2004ರ ಆಟಕ್ಕೆ 2054ರ ಕೊನೆಯವರೆಗೂ ಇದೆ. ಕೇಳಿದರೆ ಬೇಡ ಎನ್ನುವವರು ಕಡಿಮೆ, ಕೇಳದಿದ್ದರೆ ಮುನಿಯುವವರು ಹೆಚ್ಚು.

ನಿವೃತ್ತ ಟೇಪಿನವ

ತಕರಾರು ಸ್ವೀಕರಿಸಿದೆ. 15 ಮೆಗಾಬಿಟ್, ಇಂಟರ್‌ಲೇಸ್ ಉಳಿಸಿದ್ದು, ಪಿಸಿಎಂ ಧ್ವನಿ ಎಂದರೆ ಅದು ಅಂಗಡಿಯ ಎಂಪಿ4 ಅಲ್ಲ. ಆದರೆ ಕ್ಯಾಸೆಟ್‌ಗಳನ್ನು ಎಸೆದಿಲ್ಲ ತಾನೇ?

ಸಿದ್ದಾಪುರದ ಹಾರ್ಮೋನಿಯಂ

ಎಸೆದಿಲ್ಲ. ಪುಸ್ತಕದಂತೆ ನಿಲ್ಲಿಸಿಟ್ಟಿದ್ದೇವೆ. ಹೋದ 19 ಕೂಡ ಹಾಗೆಯೇ ಇವೆ.

ಎಳೆ ಎಳೆ ಕೊಟ್ಟ ಉತ್ತರ

ವಿಎಚ್‌ಎಸ್-ಡಿಕೋಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ವಿಸಿಆರ್‌ನ ಹಳದಿ ತಂತಿಯಿಂದ ಬರುವ ಚಿತ್ರವನ್ನು ಹಿಡಿಯುವ ಬದಲು, ಯಂತ್ರದೊಳಗೆ ಹೆಡ್ ಓದುವ ಕಚ್ಚಾ ಸಂಕೇತವನ್ನೇ ಎಳೆದುಕೊಂಡು ಕಂಪ್ಯೂಟರ್‌ನಲ್ಲಿ ತಂತ್ರಾಂಶದಿಂದ ಚಿತ್ರ ಬಿಡಿಸುವ ವಿಧಾನ ಇದು. ಟೈಮ್ ಬೇಸ್ ಕರೆಕ್ಟರ್ ಬೇಡ, ಅದನ್ನೂ ತಂತ್ರಾಂಶವೇ ಮಾಡುತ್ತದೆ. ಹಳೆಯ ಟಿವಿ ಟ್ಯೂನರ್ ಕಾರ್ಡುಗಳಲ್ಲಿದ್ದ ಒಂದು ಅಗ್ಗದ ಚಿಪ್ಪಿನಿಂದಲೇ ಕೆಲಸ ನಡೆಯುತ್ತದೆ. ನಾನು ಬೆಂಗಳೂರಿನಲ್ಲಿ ಅಜ್ಜಿಯ ಮನೆಯ ಎರಡು ಕ್ಯಾಸೆಟ್ ಹೀಗೆ ಮಾಡಿದೆ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮುಂದೆ ತಂತ್ರಾಂಶ ಸುಧಾರಿಸಿದರೆ ಅದೇ ಕಚ್ಚಾ ಕಡತದಿಂದ ಇನ್ನೂ ಒಳ್ಳೆಯ ಚಿತ್ರ ತೆಗೆಯಬಹುದು.

ಒಪ್ಪಿಕೊಳ್ಳಬೇಕಾದದ್ದೂ ಇದೆ. ವಿಸಿಆರ್ ಬಿಚ್ಚಿ ತಂತಿ ಬೆಸೆಯಬೇಕು. ಒಂದು ಗಂಟೆಯ ಟೇಪನ್ನು ಚಿತ್ರವಾಗಿಸಲು ನನ್ನ ಲ್ಯಾಪ್‌ಟಾಪ್ ರಾತ್ರಿಯಿಡೀ ಬಿಸಿಯಾಯಿತು. ಧ್ವನಿಯನ್ನು ಹೊಂದಿಸಲು ಒಂದು ಭಾನುವಾರ ಹೋಯಿತು.

ನಿವೃತ್ತ ಟೇಪಿನವ

ಎಳೆಯ ಮಿತ್ರರೇ, ಎರಡು ಕ್ಯಾಸೆಟ್‌ಗೆ ಚೆಂದ. ಟೀಚರಮ್ಮನ ಬಳಿ 65 ಇವೆ, ಮೌಲ್ಯಮಾಪನದ ಉತ್ತರಪತ್ರಿಕೆಗಳೂ ಇರುತ್ತವೆ. ಬೇಕಾದರೆ ಅತ್ಯಂತ ಅಪರೂಪದ ಮೂರು ನಾಲ್ಕು ಕ್ಯಾಸೆಟ್ ಆಮೇಲೆ ನಿಮಗೆ ಕಳುಹಿಸಲಿ, ನೀವು ಮಾಡಿಕೊಡಿ.

ಎಳೆ ಎಳೆ

ಖಂಡಿತ ಮಾಡಿಕೊಡುತ್ತೇನೆ. ಬೂಷ್ಟು ಇಲ್ಲದ್ದನ್ನು ಕಳುಹಿಸಿ!

ಉಪ್ಪರಿಗೆ ಟೀಚರ್ (ಏಳು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆ. ಉತ್ತರ ಬರೆಯಲು ತಡವಾಯಿತು, ಪ್ರತಿ ಸಂಜೆ ಕ್ಯಾಸೆಟ್ ಓಡುತ್ತಿರುತ್ತದೆ. 38 ಮುಗಿದಿವೆ, 3.4 ಟೆರಾಬೈಟ್ ಆಗಿದೆ. ಲೆಕ್ಕ ಹಾಕಿದೆ, ಗಂಟೆಗೆ ಸುಮಾರು 28 ಗಿಗಾಬೈಟ್ ಬಿದ್ದಿದೆ. ಟೇಪಿನವರ ಅಂದಾಜು ತಪ್ಪಲಿಲ್ಲ.

ತಪ್ಪಿದ್ದು ನಾನು. ಡಿವಿಡಿ ರೆಕಾರ್ಡರ್ ಸಿಗಲು ತಡವಾದ್ದರಿಂದ ವಿಸಿಆರನ್ನು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಿ ಮೊದಲ ಮೂರು ಕ್ಯಾಸೆಟ್ ಮಾಡಿದೆವು. ಶುರುವಿನಲ್ಲಿ ಎಲ್ಲವೂ ಸರಿಯಿತ್ತು. ಮೂರನೆಯ ಗಂಟೆಗೆ ಬಂದಾಗ ವೇಷಧಾರಿಯ ಹೆಜ್ಜೆ ಮೊದಲು ಬೀಳುತ್ತದೆ, ಚೆಂಡೆ ಹಿಂದಿನಿಂದ ಓಡಿಬರುತ್ತದೆ. ಸಂಘದ ಮದ್ದಳೆಯವರು ಅರ್ಧ ನಿಮಿಷ ನೋಡಿ "ಇದು ಯಾವ ತಾಳ?" ಎಂದು ಎದ್ದುಹೋದರು. ತಂತ್ರಾಂಶದಲ್ಲಿ ನೋಡಿದರೆ 412 ಚೌಕಟ್ಟುಗಳು ಬಿಟ್ಟುಹೋಗಿದ್ದವು. ಅಂದರೆ 16 ಸೆಕೆಂಡು! ರೆಕಾರ್ಡರ್ ನಡುವೆ ಇಟ್ಟ ಮೇಲೆ ಅದೇ ಕ್ಯಾಸೆಟ್‌ನಲ್ಲಿ ಬಿಟ್ಟುಹೋದದ್ದು ಎರಡು ಚೌಕಟ್ಟು. ಮೂರನ್ನೂ ಮತ್ತೆ ಮಾಡಿದೆವು.

ಇಂಟರ್‌ಲೇಸ್ ವಿಷಯ ನನಗೆ ಆಗ ಅರ್ಥವಾಗಿರಲಿಲ್ಲ, ಈಗ ಆಯಿತು. ಮಗ ಒಂದೇ ತುಣುಕನ್ನು ಎರಡು ರೀತಿ ಮಾಡಿ ತೋರಿಸಿದ. ಮಂಡಿ ಹಾಕುವ ದೃಶ್ಯ. 25ರಲ್ಲಿ ವೇಷ ತಿರುಗುವಾಗ ತಡವರಿಸಿದ ಹಾಗೆ ಕಾಣುತ್ತದೆ. 50ರಲ್ಲಿ ಗಾಳಿಗೆ ಸಿಕ್ಕಿದ ಹಾಗೆ ತಿರುಗುತ್ತದೆ. ಮೂಲವನ್ನು ಮುಟ್ಟದೆ, ನೋಡುವ ಪ್ರತಿಯನ್ನು ಮಾತ್ರ 50ರಲ್ಲಿ ಬೇರೆಯಾಗಿ ಮಾಡುತ್ತಿದ್ದೇವೆ. ಯೂಟ್ಯೂಬ್ 720ಕ್ಕಿಂತ ಕಡಿಮೆ ಗೆರೆಗಳ ವಿಡಿಯೊಗೆ ಆ 50ನ್ನು ಉಳಿಸಿಕೊಡುವುದಿಲ್ಲವಾದ್ದರಿಂದ ಚಿತ್ರವನ್ನು 1440×1080ಕ್ಕೆ ಹಿಗ್ಗಿಸಿ ಏರಿಸಬೇಕು ಎಂದು ಅವನೇ ಕಂಡುಕೊಂಡ. ಒಪ್ಪಿಗೆ ಸಿಕ್ಕ ಎರಡು ಆಟಗಳನ್ನು ಹಾಗೆ ಏರಿಸಿದ್ದೇವೆ.

ತಾಳಮದ್ದಳೆ 12 ಕ್ಯಾಸೆಟ್‌ಗಳಿವೆ. ಅವುಗಳಿಗೆ ಸಿದ್ದಾಪುರದವರ ಲೆಕ್ಕ ಹಿಡಿಯುತ್ತೇವೆ. ಬೂಷ್ಟಿನ ಡಬ್ಬಿ ಇನ್ನೂ ತೆರೆದಿಲ್ಲ, ಧೈರ್ಯ ಸಾಲದು.

ಈಗ ಒಂದು ಪ್ರಶ್ನೆ. ಮನೆಯಲ್ಲಿ ಜಗಳವೇ ಆಗಿದೆ. ಪ್ರತಿ ಕ್ಯಾಸೆಟ್‌ನ ಆರಂಭದಲ್ಲಿ ನಾಲ್ಕೈದು ನಿಮಿಷ ಪರದೆ ಕತ್ತಲು. ದೊಡ್ಡಪ್ಪ ಮಸೂರದ ಮುಚ್ಚಳ ತೆಗೆಯದೆಯೇ ಗುಂಡಿ ಒತ್ತಿರುತ್ತಿದ್ದರು. ಧ್ವನಿ ಮಾತ್ರ ಇದೆ: ನೆಲಗಡಲೆ ಮಾರುವವರು, ಜನರೇಟರ್ ಸದ್ದು, ಯಾರೋ ಮಗುವನ್ನು ಗದರಿಸುವುದು, ನಡುವೆ ಕೇಳಿ ಬಡಿಯುವುದು. ಅಷ್ಟನ್ನೂ ಕತ್ತರಿಸಿದರೆ ಒಟ್ಟು ನೂರೈವತ್ತು ಗಿಗಾಬೈಟ್ ಉಳಿಯುತ್ತದೆ ಎಂದು ಮಗ ಹೇಳುತ್ತಾನೆ. ಕತ್ತರಿಸಬಹುದೇ?

ನಿವೃತ್ತ ಟೇಪಿನವ

ನೋಡುವ ಪ್ರತಿಯಲ್ಲಿ ಕತ್ತರಿಸಿ, ಮೂಲದಲ್ಲಿ ಬೇಡ. ಮೂಲ ಎಂದರೆ ಟೇಪು ಶುರುವಾದಲ್ಲಿಂದ ಮುಗಿಯುವವರೆಗೆ. ಕೇಳಿ ಬಡಿಯುವುದು ಎಂದರೇನು ಎಂದು ನನಗೆ ತಿಳಿಯದು, ಆದರೂ ಬೇಡ.

ಮುಗಿದ 38 ಕಡತಗಳಿಗೂ ಎಂಡಿ5 ಮೊತ್ತ, ಅಂದರೆ ಕಡತದ ಬೆರಳಚ್ಚಿನಂತಹ ಸಂಖ್ಯೆ, ತೆಗೆದು ಪಟ್ಟಿ ಮಾಡಿದ್ದೀರಾ? ಆರು ತಿಂಗಳಿಗೊಮ್ಮೆ ಡಿಸ್ಕ್ ಜೋಡಿಸಿ ಮತ್ತೆ ತೆಗೆದು ಹೋಲಿಸಬೇಕು. ಎಫ್‌ಎಫ್‌ವಿ1ನ ಮೂರನೆಯ ಆವೃತ್ತಿಯಲ್ಲಿ ಸ್ಲೈಸ್ ಸಿಆರ್‌ಸಿ, ಅಂದರೆ ಚೌಕಟ್ಟಿನ ಪ್ರತಿ ತುಂಡಿಗೂ ಒಂದು ತಪಾಸಣೆಯ ಸಂಖ್ಯೆ, ಹಾಕಿದ್ದರೆ ಯಾವ ಚೌಕಟ್ಟು ಕೆಟ್ಟಿದೆ ಎಂಬುದೂ ತಿಳಿಯುತ್ತದೆ.

ಉಪ್ಪರಿಗೆ ಟೀಚರ್

ಮಗ ಸಿಆರ್‌ಸಿ ಹಾಕಿದ್ದಾನಂತೆ. ಎಂಡಿ5 ಮೊತ್ತ 20 ಕಡತಗಳಿಗೆ ಮಾತ್ರ ಆಗಿದೆ, ಉಳಿದದ್ದನ್ನು ಈ ಶನಿವಾರ ಮುಗಿಸುತ್ತೇನೆ. ಕ್ಯಾಸೆಟ್‌ಗಳ ಮೇಲಿನ ಚೀಟಿಗಳನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಆಯಾ ಕಡತದ ಪಕ್ಕದಲ್ಲಿಯೇ ಇಡುತ್ತಿದ್ದೇನೆ, ಕೊಂಡ ಬೆಲೆಯೂ ಸೇರಿ.

ಕೇಳಿ ಎಂದರೆ ಆಟ ಶುರುವಾಗುವ ಮುಂಚೆ ಚೆಂಡೆ, ಮದ್ದಳೆ ಬಡಿದು, ಇಲ್ಲಿ ಆಟ ಇದೆ ಬನ್ನಿ ಎಂದು ಸುತ್ತಲಿನ ಊರಿಗೆ ಸಾರುವುದು, ಸರ್. ಕತ್ತರಿಸಲಿಲ್ಲ.